ನಾದಿನಿಯನ್ನು ಕರೆದುಕೊಂಡು ಹೋದ ಜಾಗಗಳು

ಅಮೃತಾಪುರದ ಗುಡಿಯ ತೆಂಕಣ ಗೋಡೆಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಒಳ್ಳೆಯ ಬೆಳಕು ಬೀಳುತ್ತದೆ. ಹನ್ನೆರಡಾದರೆ ಸೂರಿನ ನೆರಳು ಇಳಿದು, ಎದುರಿಗೆ ನಿಂತವರ ಮುಖ ಕಪ್ಪಾಗಿ ಕಾಣುತ್ತದೆ. ಅಯ್ಯನಕೆರೆಯ ಏರಿಗೆ ಸಂಜೆಯೇ ಸರಿ. ಲಕ್ಕವಳ್ಳಿಯ ಅಣೆಕಟ್ಟಿನ ಮೇಲೆ ಯಾವ ಹೊತ್ತಿಗೆ ಹೋದರೂ ಗಾಳಿ, ಸೆರಗು ನಿಲ್ಲುವುದಿಲ್ಲ. ಕಲ್ಲತ್ತಿಗಿರಿಯಲ್ಲಿ ನೀರಿನ ಸದ್ದಿಗೆ ಕೂಗಿ ಕರೆದರೂ ಕೇಳಿಸದು. ಕಡೂರಿಗೆ ಬಂದ ನೆಂಟರು "ಇಲ್ಲಿ ನೋಡೋಕೆ ಏನೇನಿದೆ?" ಎಂದು ಕೇಳಿದರೆ ನನ್ನ ಮನಸ್ಸಿಗೆ ಮೊದಲು ಬರುವುದು ಇವು. ಬಾಯಲ್ಲಿ ಎಲ್ಲರೂ ಹೇಳುವುದನ್ನೇ ಹೇಳುತ್ತೇನೆ. ಹೊಳೆದಂಡೆಯ ವೀರಗಲ್ಲುಗಳು, ಹೊಯ್ಸಳರ ಗುಡಿ, ದೊಡ್ಡ ಕೆರೆ, ಅಣೆಕಟ್ಟು, ಗಿರಿಯ ನೀರು. ಹೋಗಿ ಬನ್ನಿ, ಬುತ್ತಿ ಕಟ್ಟಿಕೊಡುತ್ತೇನೆ ಎನ್ನುತ್ತೇನೆ.

ನಾನು ಈ ಜಾಗಗಳನ್ನು ನೋಡಿದ್ದು ಮದುವೆಯಾಗಿ ಬಂದ ಮೊದಲ ಕೆಲವು ವರ್ಷಗಳಲ್ಲಿ, ನನ್ನ ನಾದಿನಿಯ ಜೊತೆ. ಅವಳಿಗೆ ತಿಳಿಯದಂತೆ ಅವಳನ್ನು ಗಂಡಿನ ಕಡೆಯವರಿಗೆ ತೋರಿಸುವುದಕ್ಕೆ ನಾನು ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ.

ನಾದಿನಿ ನನ್ನ ಗಂಡನಿಗೆ ಒಬ್ಬಳೇ ತಂಗಿ. ನನಗಿಂತ ಎರಡು ವರ್ಷ ಚಿಕ್ಕವಳು. ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎಡಗಾಲನ್ನು ಸಣ್ಣದು ಮಾಡಿ ಹೋಗಿತ್ತು. ನಿಂತಾಗ ಗೊತ್ತಾಗುತ್ತಿರಲಿಲ್ಲ. ನಡೆದರೆ ಸೊಂಟ ಒಂದು ಕಡೆಗೆ ವಾಲಿ, ಮತ್ತೆ ಎದ್ದು, ಮತ್ತೆ ವಾಲುತ್ತಿತ್ತು. ಮುಖ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದಷ್ಟು ಲಕ್ಷಣ. ಓದಿದ್ದು ನಾಲ್ಕನೆಯ ಕ್ಲಾಸು. ಆದರೆ ನನ್ನ ಮಾವನವರು ಜಗಲಿಯಲ್ಲಿ ಕೂತು ಓದುತ್ತಿದ್ದ ಭಾರತ ರಾಮಾಯಣವೆಲ್ಲ ಕೇಳಿ ಕೇಳಿ ಅವಳಿಗೆ ಬಾಯಿಗೆ ಬಂದಿತ್ತು.

ನಾನು ಆ ಮನೆಗೆ ಬರುವ ಮೊದಲೇ ಮೂರು ಕಡೆಯವರು ಬಂದು ಅವಳನ್ನು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, ಬೇಡ ಎಂದು ಹೇಳಿಕಳಿಸಿದ್ದರು. ನಮ್ಮ ಕಡೆ ಅದಕ್ಕೊಂದು ಲೆಕ್ಕವಿತ್ತು. ಮನೆಯಲ್ಲಿ ಚಾಪೆಯ ಮೇಲೆ ಕೂರಿಸಿ ತೋರಿಸಿದ ಹುಡುಗಿಯನ್ನು ಬೇಡ ಎಂದರೆ ಊರಿಗೆಲ್ಲ ತಿಳಿಯುತ್ತದೆ, ಮುಂದೆ ಬರುವವರು "ಎಷ್ಟು ಜನ ಬಿಟ್ಟು ಹೋದರು?" ಎಂದು ಮೊದಲೇ ಕೇಳುತ್ತಾರೆ. ಗುಡಿಯಲ್ಲೋ ಕೆರೆಯ ಏರಿಯ ಮೇಲೋ ಅಕಸ್ಮಾತ್ತಾಗಿ ಕಂಡ ಹಾಗೆ ತೋರಿಸಿದರೆ, ಬೇಡ ಎಂದರೂ ಅದು ಲೆಕ್ಕಕ್ಕಿಲ್ಲ. ಮದುವೆ ಸಂಬಂಧ ಕುದುರಿಸುತ್ತಿದ್ದ ನಮ್ಮತ್ತೆಯ ಸೋದರಮಾವ ಒಬ್ಬರಿದ್ದರು. ಈ ದಾರಿ ಹೇಳಿದವರು ಅವರೇ.

"ದೇವ್ರು ನೋಡೋಕ್ಕೆ ಬಂದಿದ್ರು, ನೋಡಿದ್ರು, ಹೋದ್ರು. ಅಷ್ಟೆ. ಯಾರು ಯಾರ್ನ ಬೇಡ ಅಂದಂಗಾಯ್ತು?" ಎಂದರು ಅವರು, ಎಲೆಗೆ ಸುಣ್ಣ ಸವರುತ್ತಾ. "ನಿನ್ನ ಸೊಸೆ ಓದಿದೋಳು. ಶಿಲ್ಪ ನೋಡ್ಬೇಕು ಅಂತ ಹೊರಟ್ರೆ ಯಾರೂ ಅನುಮಾನ ಪಡಕಿಲ್ಲ."

"ಅವಳಿಗೆ ಮಾತ್ರ ಹೇಳ್ಬೇಡ ಕಣಮ್ಮ," ಎಂದರು ಅತ್ತೆ ನನ್ನ ಕಡೆ ತಿರುಗಿ. "ಹೋದ್ಸಲ ಬೇಡ ಅಂದಾಗ ಮೂರು ದಿನ ಅನ್ನ ಮುಟ್ಟಿರ್ಲಿಲ್ಲ. ಗೊತ್ತಿಲ್ದಿದ್ರೆ ನೋವೂ ಇರಲ್ಲ."

ನಾನು ಮೈಸೂರಿನ ಕಾನ್ವೆಂಟೊಂದರಲ್ಲಿ ಓದಿದವಳು. ಅಲ್ಲಿ ಸಿಸ್ಟರುಗಳು ನಮಗೆ ಹೊಲಿಗೆ, ಇಂಗ್ಲಿಷು, ಸುಳ್ಳು ಹೇಳದಿರುವುದು, ಮೂರನ್ನೂ ಒಂದೇ ಕಟ್ಟುನಿಟ್ಟಿನಲ್ಲಿ ಕಲಿಸಿದ್ದರು. ಅತ್ತೆಯ ಮಾತಿಗೆ ಆಗುವುದಿಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಹೊಸ ಸೊಸೆ, ಎದುರಾಡಬಾರದು ಎಂಬುದು ಒಂದು. ಇನ್ನೊಂದು ಕಾರಣವೂ ಇತ್ತು. ತೆಂಗಿನ ತೋಟದ ಆ ಮನೆಯಲ್ಲಿ ಹೆಂಗಸರು ಹೊರಗೆ ಹೋಗುವುದೆಂದರೆ ಮದುವೆಗೆ ಅಥವಾ ಸಾವಿಗೆ. ಗುಡಿ ನೋಡಲು, ಕೆರೆ ನೋಡಲು, ರೈಲು ಹತ್ತಲು ನನಗೆ ಸಿಕ್ಕ ಅಪ್ಪಣೆ ಅದೊಂದೇ. ಈ ಮಾತನ್ನು ನಾನು ಯಾರ ಮುಂದೆಯೂ ಹೇಳಿದವಳಲ್ಲ.

ಗುರುತಿಗೆ ಒಂದು ಸೀರೆ ಗೊತ್ತು ಮಾಡಿದರು. ಗಿಳಿಹಸಿರು, ಅಂಚು ಅರಿಸಿನ. ಹೆಣ್ಣು ಯಾರೆಂದು ಆ ಕಡೆಯವರಿಗೆ ದೂರದಿಂದಲೇ ತಿಳಿಯಬೇಕಲ್ಲ. ನಾನು ಅವಳಿಗೊಂದು ಒಳಲಂಗ ಹೊಲಿದೆ, ಎಡಗಡೆ ಎರಡು ಬೆರಳು ಗಿಡ್ಡ ಮಾಡಿ. ಹಾಗೆ ಹೊಲಿದರೆ ಸೀರೆಯ ಅಂಚು ನೆಲಕ್ಕೆ ಸಮನಾಗಿ ಬೀಳುತ್ತದೆ.

"ಅಯ್ಯೋ, ಎಷ್ಟು ಸಣ್ಣ ಹೊಲಿಗೆ ಅತ್ತಿಗೆ! ಇರುವೆ ಹೊಲ್ದಂಗದೆ," ಎಂದು ಅದನ್ನು ದೀಪದ ಬಳಿ ಹಿಡಿದು ನೋಡಿದಳು. "ನಂಗೋಸ್ಕರ ಇಷ್ಟು ಕಷ್ಟ ಪಟ್ಟೋರು ಇನ್ಯಾರೂ ಇಲ್ಲ ಕಣ್ರೀ."

ಸೋದರಮಾವನವರ ಕಟ್ಟಪ್ಪಣೆ ಬೇರೆಯೇ ಇತ್ತು. "ಸೀರೆ ಲಂಗ ಏನಾದ್ರೂ ಮಾಡ್ಕೊ. ಆದ್ರೆ ಕಾಲು ಮುಚ್ಚಿಡಂಗಿಲ್ಲ. ಮದ್ವೆ ಆದ್ಮೇಲೆ ಮೋಸ ಅಂದ್ಬಿಟ್ರೆ ವಾಪಸ್ ಕಳಿಸ್ತಾರೆ. ನಡೆಸಿ ತೋರಿಸ್ಬೇಕು." ನಡೆಸುವುದು ಹೇಗೆ? ಅದನ್ನೂ ಅವರೇ ಹೇಳಿಕೊಟ್ಟರು. ನಾನು ಸ್ವಲ್ಪ ಮುಂದೆ ಹೋಗಿ ಏನನ್ನೋ ನೋಡುವ ಹಾಗೆ ನಿಲ್ಲಬೇಕು. ಆಮೇಲೆ ಅವಳನ್ನು ಕರೆಯಬೇಕು.

ಮೊದಲ ಸಲ ಅಮೃತಾಪುರ. ಕಡೂರಿನಿಂದ ತರೀಕೆರೆಗೆ ರೈಲು, ಅಲ್ಲಿಂದ ಬಸ್ಸು. ಬಸ್ಸಿನಲ್ಲಿ ನನ್ನ ಗಂಡ ಮುಂದೆ, ನಾವಿಬ್ಬರು ಹಿಂದೆ. ಗುಡಿಯೊಳಗೆ ಬಾವಲಿಯ ವಾಸನೆ. ಕಂಬಗಳು ಮಾತ್ರ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು, ಅವುಗಳಲ್ಲಿ ನಮ್ಮ ಮುಖ ಉದ್ದಕ್ಕೆ ಎಳೆದಂತೆ ಕಾಣುತ್ತಿತ್ತು. ನಾದಿನಿ ಕಂಬದಿಂದ ಕಂಬಕ್ಕೆ ಹೋಗಿ ನೋಡಿಕೊಂಡು ನಗುತ್ತಿದ್ದಳು. ಹೊರಗೋಡೆಯಲ್ಲಿ ರಾಮಾಯಣದ ಕಥೆಯನ್ನು ಸಾಲಾಗಿ ಕೆತ್ತಿದ್ದಾರೆ. ಕಾನ್ವೆಂಟಿನಲ್ಲಿ ಓದಿದ ನನಗೆ ಅರ್ಧಕ್ಕರ್ಧ ಗೊತ್ತಾಗಲಿಲ್ಲ. ಅವಳು ಬೆರಳಿಟ್ಟು ಒಂದೊಂದೇ ಹೇಳುತ್ತಾ ಹೋದಳು.

"ನೋಡ್ರೀ ಅತ್ತಿಗೆ, ಈ ಕೋತಿ. ಎಲ್ಲಾರೂ ಕಲ್ಲು ಹೊರ್ತಾವ್ರೆ, ಇದು ಹೊರೋ ನೆಪ ಮಾಡ್ಕೊಂಡು ಕೂತದೆ. ಥೇಟ್ ನಮ್ಮಣ್ಣ!"

"ಏನೇ ಅದು?" ಎಂದರು ನನ್ನವರು ಆಚೆಯಿಂದ.

"ಏನಿಲ್ಲ ಕಣಣ್ಣ, ನಿನ್ನ ಹೊಗಳ್ತಿದ್ದೆ."

ಬೇವಿನ ಮರದ ಕೆಳಗೆ ಜಮಖಾನ ಹಾಸಿಕೊಂಡು ಐದಾರು ಜನ ಕೂತಿದ್ದರು. ಅಜ್ಜಂಪುರದ ಕಡೆಯವರು. ಪಕ್ಕದಲ್ಲಿ ಬುತ್ತಿ ಇತ್ತು, ಯಾರೂ ತಿನ್ನುತ್ತಿರಲಿಲ್ಲ. ನಾನು ಗೋಡೆಯ ಕೊನೆಯವರೆಗೆ ನಡೆದೆ. ಅಲ್ಲಿ ನಿಂತು, "ಇಲ್ಲಿ ಬಾ, ಇದೇನು ಹೇಳು," ಎಂದು ಕರೆದೆ. ಅವಳು ಬಂದಳು, ನಗುತ್ತಾ, ಬಿಸಿಲಿನಲ್ಲಿ, ಆ ಇಪ್ಪತ್ತು ಮೂವತ್ತು ಹೆಜ್ಜೆ. ನಾನು ಅವಳನ್ನು ನೋಡಲಿಲ್ಲ. ಜಮಖಾನದ ಮೇಲಿದ್ದ ಹಿರಿಯ ಹೆಂಗಸೊಬ್ಬರ ಕೈಯನ್ನು ನೋಡುತ್ತಿದ್ದೆ. ಮಡಿಲಲ್ಲಿದ್ದ ಆ ಕೈ ಒಂದು ಎಲೆಯನ್ನು ನಾರಿನುದ್ದಕ್ಕೂ ನಿಧಾನವಾಗಿ ಸೀಳುತ್ತಿತ್ತು.

ಎಂಟು ದಿನದ ಮೇಲೆ ಸೋದರಮಾವ ಹಿತ್ತಲಿಗೆ ಬಂದು, "ಜಾತ್ಕ ಕೇಳ್ನಿಲ್ಲ," ಎಂದು ಹೇಳಿ ಹೋದರು. ನಾದಿನಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ, ತನ್ನ ತಾಯಿಗೆ ಸೇತುವೆ ಕಟ್ಟುವ ಕೋತಿಯ ಕಥೆ ಹೇಳುತ್ತಿದ್ದಳು.

ಎರಡನೆಯದು ಅಯ್ಯನಕೆರೆ. ಅಲ್ಲಿ ಏರಿ ಉದ್ದ, ನೆಟ್ಟಗೆ. ಮರೆಯೇ ಇಲ್ಲ. ಚಿಕ್ಕಮಗಳೂರಿನ ಕಡೆಯವರೊಬ್ಬರು ಮಗನನ್ನೂ ಕರೆತಂದಿದ್ದರು. ಆತ ನೀರಿಗೆ ಕಲ್ಲೆಸೆಯುತ್ತಾ ನಿಂತಿದ್ದ. ನಾನು ಕರೆದೆ, ಅವಳು ಬಂದಳು. ಅವನು ಕಲ್ಲೆಸೆಯುವುದನ್ನು ನಿಲ್ಲಿಸಿ ಒಮ್ಮೆ ನೋಡಿದ, ಮತ್ತೆ ಬಗ್ಗಿ ಇನ್ನೊಂದು ಕಲ್ಲು ಹೆಕ್ಕಿಕೊಂಡ. ಅಲ್ಲಿಗೇ ನನಗೆ ಗೊತ್ತಾಯಿತು.

ಆ ದಿನ ಮನೆಗೆ ಬಂದು ಅತ್ತೆಗೆ ಹೇಳಿದೆ, "ಇನ್ನು ಸಾಕು ಅತ್ತೆ. ನನಗೆ ಆಗುವುದಿಲ್ಲ." ಅವರು ರಾಗಿ ಬೀಸುತ್ತಿದ್ದರು. ಕಲ್ಲು ನಿಲ್ಲಿಸಲಿಲ್ಲ.

"ನಿಂಗೆ ಆಗಲ್ಲ. ನಾನು ಸತ್ಮೇಲೆ ಅವಳ್ನ ನೋಡ್ಕೊಳಕ್ಕಾದ್ರೂ ಆಗುತ್ತಾ? ನಿನ್ನ ಮಕ್ಳು ಮರಿ ಮಧ್ಯೆ, ಮೂಲೇಲಿ ಕೂರ್ಸಿ, ಮಿಕ್ಕಿದ್ದು ಹಾಕ್ಕೊಂಡು? ಹೇಳು ಮತ್ತೆ, ಬಿಡ್ತೀನಿ."

ಅವರ ಭಯ ಸುಳ್ಳಾಗಿರಲಿಲ್ಲ. ಮದುವೆಯಾಗದ ಹೆಣ್ಣು ಅಣ್ಣನ ಮನೆಯಲ್ಲಿ ಹೇಗೆ ಮುದುಕಿಯಾಗುತ್ತಾಳೆಂದು ನಾವಿಬ್ಬರೂ ನೋಡಿದವರೇ. ಬೀಸುವ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಗುಡ್ಡೆ ಮಾಡಿಕೊಟ್ಟು ಒಳಗೆ ಹೋದೆ.

ಮೂರನೆಯದು ಲಕ್ಕವಳ್ಳಿ. ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದಿದ್ದ ಕಾಲ. ಭಾನುವಾರಗಳಲ್ಲಿ ಜನ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಅದನ್ನು ನೋಡಲು ಬರುತ್ತಿದ್ದರು. ನಿಂತ ನೀರಿನ ಮೇಲೆ ಅಲ್ಲಲ್ಲಿ ಸತ್ತ ಮರಗಳ ತುದಿಗಳು. ಅಲ್ಲಿದ್ದ ಹಳ್ಳಿಗಳ ಹೆಸರನ್ನು ಯಾರೋ ಹೇಳುತ್ತಿದ್ದರು, ಕೇಳುತ್ತಿದ್ದವರು ಕಡಲೆಕಾಯಿ ಸುಲಿಯುತ್ತಿದ್ದರು. ನಾದಿನಿ ಗೋಡೆಯ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ನೋಡಿದಳು.

"ಈ ನೀರಿನೊಳಗೆ ಒಲೆಗಳವೆ ಅಲ್ವಾ ಅತ್ತಿಗೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಬಂದ್ಮೇಲೆ ನಾನು ಜಗತ್ತು ನೋಡ್ದೆ ಕಣ್ರೀ. ಅಮ್ಮ ನನ್ನ ಸಂತೆಗೂ ಕಳಿಸ್ತಿರ್ಲಿಲ್ಲ, ಕಾಲು ನೋಯುತ್ತೆ ಅಂತ. ಎಲ್ಲಿ ನೋಯುತ್ತೆ? ನೋಡಿ, ಇಷ್ಟು ದೂರ ನಡ್ದಿದೀನಿ."

ಮಾತಿನ ನಡುವೆ ಸೀರೆಯ ವಿಷಯವನ್ನೂ ಎತ್ತಿದಳು. "ಎಲ್ಲಾ ಕಡೆಗೂ ಇದೇ ಗಿಳಿಹಸಿರು ಉಡಿಸ್ತೀರಲ್ಲ, ಜನ ನಂಗೆ ಇರೋದು ಒಂದೇ ಸೀರೆ ಅನ್ಕೊಳಲ್ವಾ?"

"ನಿನಗೆ ಒಪ್ಪುತ್ತೆ ಅದು," ಎಂದೆ.

ಆವತ್ತು ಶಿವಮೊಗ್ಗೆಯ ಕಡೆಯ ಹೆಂಗಸರು ನಮ್ಮ ಪಕ್ಕದಲ್ಲೇ ಬಂದು ಕೂತು ಮಾತಾಡಿಸಿದರು. ಊರು ಯಾವುದು, ಹಪ್ಪಳ ಹಾಕಲು ಬರುತ್ತದೆಯೇ, ಹಾಡು ಬರುತ್ತದೆಯೇ. ಅವಳು ಎಲ್ಲದಕ್ಕೂ ನಗುತ್ತಾ ಉತ್ತರ ಕೊಟ್ಟಳು, ನಮ್ಮ ಬುತ್ತಿಯಲ್ಲಿದ್ದ ಉಪ್ಪಿನಕಾಯಿಯನ್ನು ಅವರ ಎಲೆಗೆ ಹಾಕಿದಳು. ನನಗೆ ಆಸೆ ಹುಟ್ಟಿಬಿಟ್ಟಿತು. ಆಮೇಲೆ ನಾನು ಅಣೆಕಟ್ಟಿನ ಗೋಡೆಯುದ್ದಕ್ಕೂ ಹೋಗಿ ಕರೆದೆ. ವಾರದ ಮೇಲೆ ಬಂದ ಮಾತು ಹೀಗಿತ್ತು: "ಕೂತ್ರೆ ಲಕ್ಷ್ಮಿ ಇದ್ದಂಗವ್ಳೆ. ಆದ್ರೆ ನಮ್ಮನೆಗೆ ಕೂರೋ ಸೊಸೆ ಬೇಡ, ಓಡಾಡೋ ಸೊಸೆ ಬೇಕು." ಸೋದರಮಾವ ಅದನ್ನು ಹೇಳಿ ತಾವೇ ಸಣ್ಣಗೆ ನಕ್ಕರು. ಅತ್ತೆ ನಗಲಿಲ್ಲ.

ಕಲ್ಲತ್ತಿಗಿರಿಗೆ ಹೋದದ್ದು ಅದೇ ವರ್ಷ ಮಳೆ ನಿಂತ ಮೇಲೆ. ಲಿಂಗದಹಳ್ಳಿಯವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಬಂಡೆಯ ಮೇಲಿಂದ ನೀರು ಗುಡಿಯ ಮುಂದೆಯೇ ಬೀಳುತ್ತದೆ. ಕಲ್ಲಿನ ಆನೆಗಳು ಸದಾ ಒದ್ದೆ. ಗಂಡಿನ ಕಡೆಯವರು ಆಗಲೇ ಬಂದು ಕಲ್ಲುಹಾಸಿನ ಬದಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಮೈಮೇಲೆ ಗಾಳಿ ಬಂದವರೆಂದು ಕರೆತಂದವರನ್ನು ಆ ನೀರಿನಡಿ ಹಿಡಿದು ನಿಲ್ಲಿಸುತ್ತಿದ್ದರು. ನಾವು ಹೋದಾಗ ಒಬ್ಬ ಹೆಂಗಸನ್ನು ಇಬ್ಬರು ರಟ್ಟೆ ಹಿಡಿದು ನಿಲ್ಲಿಸಿದ್ದರು. ಅವಳ ಬಾಯಿ ತೆರೆದಿತ್ತು, ಕೂಗು ನೀರಿನ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ನಾದಿನಿ ನನ್ನ ಸೆರಗು ಹಿಡಿದುಕೊಂಡಳು.

ನೀರಿನಲ್ಲಿ ಕಾಲು ನೆನೆಸಿ ಬಂದು ಹೆಂಗಸರು ಸೀರೆ ಹಿಂಡಿಕೊಳ್ಳಲು ಒಂದು ಬಂಡೆಯ ಮರೆಯಿತ್ತು. ಸದ್ದು ಅಲ್ಲಿ ಕಡಿಮೆ. ನಾವು ಈ ಬದಿಗಿದ್ದೆವು, ಆ ಬದಿಯಲ್ಲಿ ಬಂದವರು ಯಾರೆಂದು ನಮಗೆ ಕಾಣುತ್ತಿರಲಿಲ್ಲ. ಮಾತು ಮಾತ್ರ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು.

"ಹಸಿರು ಸೀರೆ, ಅರಿಸಿನದಂಚು. ಅವಳೇ ಅಲ್ವೇನೇ?"

"ಅಯ್ಯೋ, ಅವಳಾ! ಈ ಹುಡುಗೀನ ನಮ್ಮಕ್ಕನ ಮಗನಿಗೂ ತೋರಿಸಿದ್ರು ಕಣೇ, ಅಮೃತಾಪುರದ ಗುಡೀಲಿ. ಆವತ್ತೂ ಇದೇ ಸೀರೆ. ನಾನೂ ಮರದ ಕೆಳ್ಗೆ ಕೂತಿದ್ದೆ. ಕಾಲು ಎಳೀತಾಳೆ. ತಡಿ, ಈಗ ಆ ಅತ್ತಿಗೆ ದೂರ ಹೋಗಿ ಕರೀತಾಳೆ, ನೋಡ್ತಿರು."

ಒಬ್ಬಳು ನಕ್ಕಳು. ಇನ್ನೊಬ್ಬಳು, "ಪಾಪ, ಸುಮ್ಕಿರು," ಎಂದಳು.

ನಾದಿನಿ ಸೀರೆಯ ಅಂಚನ್ನು ಹಿಂಡುತ್ತಿದ್ದಳು. ಹಿಂಡಿ ಮುಗಿಸಿದಳು. ನಿರಿಗೆಗಳನ್ನು ಒಂದೊಂದಾಗಿ ಬಿಡಿಸಿ ಸರಿ ಮಾಡಿಕೊಂಡಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

"ಅಯ್ಯನಕೆರೆ?" ಎಂದಳು.

ನಾನು ತಲೆಯಾಡಿಸಿದೆ.

"ಲಕ್ಕವಳ್ಳಿ? ಉಪ್ಪಿನಕಾಯಿ ಹಾಕಿದ್ನಲ್ಲ, ಅವ್ರಾ?"

"ಹೌದು."

"ಅಮ್ಮನಿಗೆ ಗೊತ್ತು. ಅಣ್ಣನಿಗೂ."

"ಹೌದು. ನಿನಗೆ ನೋವಾಗಬಾರದು ಅಂತ..."

"ನಾನೊಬ್ಳೇ ಗುಡಿ ನೋಡೋಕ್ಕೆ ಬಂದಿದ್ದೋಳು ಹಂಗಾದ್ರೆ," ಎಂದಳು. ದನಿ ಏರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂಡೆಯ ಮರೆಯಿಂದ ಹೊರಗೆ ಹೋದಳು.

ಗುಡಿಯ ಮುಂದಿನ ಕಲ್ಲುಹಾಸಿನ ಈ ತುದಿಯಿಂದ ಆ ತುದಿಗೆ ಅವಳು ನಡೆದಳು. ಬಂಡೆಯಾಚೆ ಮಾತಾಡಿದ ಹೆಂಗಸರು ಹೋಗಿ ಸೇರಿಕೊಂಡ ಗುಂಪಿನ ಮುಂದೆ ಹಾದು, ತಿರುಗಿ, ಮತ್ತೆ ಈ ತುದಿಗೆ. ನೆನೆದ ಕಲ್ಲು, ಪಾಚಿ. ಲಂಗವನ್ನೂ ಸೀರೆಯನ್ನೂ ಎಡಗೈಯಲ್ಲಿ ಒಟ್ಟಿಗೆ ಹಿಡಿದು ಮೀನಖಂಡದವರೆಗೆ ಎತ್ತಿದ್ದಳು. ಆ ಸಣ್ಣ ಕಾಲನ್ನು ಅಷ್ಟು ಬೆಳಕಿನಲ್ಲಿ ನಾನೂ ಅದೇ ಮೊದಲು ನೋಡಿದ್ದು. ಮೂರನೆಯ ಸಲ ಅವರ ಮುಂದೆ ನಿಂತಳು.

"ಕಂಡ್ತಾ? ಇನ್ನೊಂದ್ಸಲ ನಡೀಲಾ?"

ಗಂಡಿನ ತಂದೆ ಇರಬೇಕು, ವಯಸ್ಸಾದವರು, ಎದ್ದು ನಿಂತು, "ಬೇಡ ಕಣವ್ವ, ತಪ್ಪಾಯ್ತು," ಎಂದರು. ಹೆಂಗಸರು ಬುತ್ತಿ ಕಟ್ಟತೊಡಗಿದರು. ನೀರಿನಡಿ ನಿಲ್ಲಿಸಿದ್ದ ಆ ಹೆಂಗಸನ್ನು ಈಗ ಹೊರಗೆ ತಂದು ಕೂರಿಸಿದ್ದರು. ಅವಳೂ ನೋಡುತ್ತಿದ್ದಳು.

ನನ್ನವರು ಗಾಡಿಯ ಬಳಿ ಬೀಡಿ ಸೇದುತ್ತಿದ್ದರು. ಗುಡಿಯ ಮುಂದೆ ನಡೆದದ್ದು ಅವರಿಗೆ ಏನೂ ತಿಳಿದಿರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಅಣ್ಣನ ಪಕ್ಕದಲ್ಲಿ ಕೂತಳು. ನಾನು ಹಿಂದೆ ಒಬ್ಬಳೇ.

ಆಮೇಲೆ ಅವಳು ಅನ್ನ ಬಿಡಲಿಲ್ಲ, ಅಳಲಿಲ್ಲ. ಅತ್ತೆಗೆ ಅದೇ ಸಮಾಧಾನ. ಹಸಿರು ಸೀರೆಯನ್ನು ಒಗೆದು, ಒಣಗಿಸಿ, ಮಡಿಸಿ ಅತ್ತೆಯ ಪೆಟ್ಟಿಗೆಯ ಮೇಲಿಟ್ಟಳು. ಲಂಗವನ್ನು ನನ್ನ ಹಾಸಿಗೆಯ ಮೇಲೆ. ಒಂದು ಸಂಜೆ ತಾಯಿಗೆ ಹೇಳಿದಳು, "ಯಾರಿಗಾದ್ರೂ ಕೊಟ್ಬಿಡಿ. ನೋಡ್ಬೇಕು ಅನ್ನೋರು ಮಾತ್ರ ಬೇಡ."

ನೋಡಬೇಕು ಎನ್ನದವರು ಚೌಳಹಿರಿಯೂರಿನಲ್ಲಿ ಸಿಕ್ಕರು. ಮೊದಲ ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಹೆಣ್ಣುಮಕ್ಕಳು, ಎಂಟು ಎಕರೆ ಖುಷ್ಕಿ ಜಮೀನು. ವಯಸ್ಸು ಅವಳ ವಯಸ್ಸಿನ ಎರಡರಷ್ಟು. ಮನೆಯಲ್ಲಿ ರೊಟ್ಟಿ ತಟ್ಟುವವರು ಬೇಕಾಗಿತ್ತು. ಧಾರೆಯ ದಿನ ಅಂತರಪಟ ಸರಿದಾಗ ಎಲ್ಲರೂ ಗಂಡನ್ನು ನೋಡಿದರು, ಅವಳು ನೆಲ ನೋಡುತ್ತಿದ್ದಳು. ಸೋದರಮಾವ ನಮ್ಮತ್ತೆಗೆ, "ನೋಡ್ದಾ, ಎಲ್ಲಾ ಋಣಾನುಬಂಧ," ಎಂದರು.

ಅತ್ತೆ ಎರಡು ವರ್ಷಕ್ಕೆ ಹೋದರು. ಮಗಳ ಮದುವೆ ನೋಡಿಯೇ ಹೋದರು ಎಂದು ಜನ ಹೇಳಿದರು. ಅದೂ ಸುಳ್ಳಲ್ಲ.

ಅವಳ ಮನೆಗೆ ನಾನು ವರ್ಷಕ್ಕೊಂದು ಸಲ ಹೋಗುತ್ತಿದ್ದೆ, ಗೌರಿಹಬ್ಬದ ಬಾಗಿನ ಕೊಡಲು. ಮಾತು ಚೆನ್ನಾಗಿಯೇ ಆಡುತ್ತಿದ್ದಳು. ಮಳೆ ಆಯ್ತಾ, ತೆಂಗು ಹೇಗಿದೆ, ಅಣ್ಣನ ಕೆಮ್ಮು ಕಡಿಮೆಯಾಯ್ತಾ. ಮಕ್ಕಳು ಅವಳನ್ನು ಅವ್ವ ಎನ್ನುತ್ತಿದ್ದರು. ಆ ಹಿರಿಯ ಮಗಳು ಕಾಫಿ ತರುತ್ತಿದ್ದಳು, ಕುಂಕುಮದ ಬಟ್ಟಲು ತರುತ್ತಿದ್ದಳು. ನಾನು ಹೊರಡುವಾಗ ಬಾಗಿಲವರೆಗೆ ಬರುತ್ತಿದ್ದವಳೂ ಅವಳೇ. ನಾದಿನಿ ನಡುಮನೆಯ ಗೋಡೆಗೆ ಒರಗಿ ಕೂತಲ್ಲೇ ಕೈ ಮುಗಿಯುತ್ತಿದ್ದಳು. ಆಯಾಸವಿರಬೇಕು ಎಂದುಕೊಂಡೆ. ಬಸುರಿಯೇ ಎಂದೂ ಅಂದುಕೊಂಡೆ. ಮೂರು ನಾಲ್ಕು ಸಲ ಹೋಗಿ ಬಂದರೂ ಅವಳು ಯಾಕೆ ಏಳುವುದಿಲ್ಲವೆಂದು ನನಗೆ ತಿಳಿಯಲಿಲ್ಲ.

ಒಂದು ವರ್ಷ ಲಕ್ಕವಳ್ಳಿಯ ಅಣೆಕಟ್ಟು ತುಂಬಿ ತೂಬು ಎತ್ತಿದ್ದಾರೆಂದು ಕಡೂರಿನಿಂದ ಜನ ಬಸ್ಸು ಮಾಡಿಕೊಂಡು ನೋಡಲು ಹೋಗುತ್ತಿದ್ದರು. ನಾನು ಬಾಗಿನದ ಮೊರ ಅವಳ ಮುಂದಿಟ್ಟು, ಧೈರ್ಯ ಮಾಡಿ ಹೇಳಿದೆ.

"ಬರ್ತೀಯಾ? ಮಕ್ಕಳನ್ನೂ ಕರ್ಕೊಂಡು ಹೋಗೋಣ. ಬೇರೆ ಯಾರೂ ಇರಲ್ಲ. ಆಣೆ ಮಾಡ್ತೀನಿ."

"ನೀವು ಹೋಗ್ಬನ್ನಿ ಅತ್ತಿಗೆ."

"ನನ್ನ ಮೇಲೆ ಕೋಪ ಹೋಗಿಲ್ಲ ಅಲ್ವಾ?"

ಅವಳು ಮೊರದಲ್ಲಿದ್ದ ಬಳೆಗಳನ್ನು ಬೆರಳಿನಿಂದ ಸರಿಸಿದಳು. "ಕೋಪ ಎಲ್ಲಿಂದ ಬಂತು. ಆ ಗೋಡೆ ಮೇಲಿನ ಕಥೆಯೆಲ್ಲ ಈ ಮಕ್ಳಿಗೆ ಹೇಳ್ತಿರ್ತೀನಿ. ನೀವು ಕರ್ಕೊಂಡು ಹೋಗಿದ್ರಿಂದ್ಲೇ ನೋಡಿದ್ದು."

ಅಷ್ಟರಲ್ಲಿ ಒಳಗಿನಿಂದ ಹಾಲು ಸೀದ ವಾಸನೆ ಬಂತು. ಒಲೆಯ ಮೇಲೆ ಹಾಲಿಟ್ಟಿದ್ದಳು, ಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದರು. ಉಕ್ಕಿ ಬೆಂಕಿಗೆ ಬಿದ್ದ ಹಾಲು ಚುರ್ ಎನ್ನುವುದು ಇಬ್ಬರಿಗೂ ಕೇಳಿಸಿತು. ಅವಳು ಏಳಲಿಲ್ಲ. ಎರಡೂ ಕೈಗಳನ್ನು ಚಾಪೆಯ ಮೇಲೆ ಒತ್ತಿ ಹಿಡಿದು, ನನ್ನ ಮುಖ ನೋಡುತ್ತಾ ಕೂತೇ ಇದ್ದಳು. ನಾನು ಎದ್ದೆ.

"ನೀವು ಕೂತ್ಕೊಳಿ," ಎಂದಳು, "ನೆಂಟ್ರು ನೀವು."

ನಾನು ನೋಡುತ್ತಿರುವವರೆಗೆ ಅವಳು ನಡೆಯುವುದಿಲ್ಲ ಎಂದು ಆಗ ತಿಳಿಯಿತು. ನಾನು ಕೂರಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ, ಕುಂಕುಮವನ್ನು ನಾನೇ ಹಚ್ಚಿಕೊಂಡು, ಆದಷ್ಟು ಬೇಗ ಹೊಸಿಲು ದಾಟಿ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡೆ. ಒಳಗೆ ಅವಳು ಎದ್ದು ಒಲೆಯ ಕಡೆ ಓಡುವುದು ಕೇಳಿಸಿತು.